ಚಿತ್ತಾಪುರಕ್ಕೆ ಬೇಳೆ ಗಿರಣಿ ಬಂದ ಬೇಸಿಗೆ

ಮೊನ್ನೆ ತಂಗಿಯ ಮೊಮ್ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಚಿತ್ತಾಪುರಕ್ಕೆ ಹೋಗಿದ್ದೆ. ಬಸ್ಸಿಳಿದು ಸ್ಟೇಷನ್ ಕಡೆಯ ರಸ್ತೆ ಹಿಡಿದೆವೋ ಇಲ್ಲವೋ, ಒಂದು ವಾಸನೆ ಬಂದು ಮೂಗಿಗೆ ಅಡರಿತು. ಎಣ್ಣೆ ಹಚ್ಚಿ ಬಿಸಿಲಿಗೆ ಹರವಿದ ತೊಗರಿಯ ವಾಸನೆ. ರೂಢಿಯಿಲ್ಲದವರಿಗೆ ಅದು ಒಗ್ಗುವುದಿಲ್ಲ. ಜೊತೆಗಿದ್ದ ತಂಗಿಯ ಸೊಸೆ ಸೆರಗನ್ನು ಮೂಗಿಗೆ ಹಿಡಿದು ಬೇಗ ಬೇಗ ನಡೆದಳು. ನಾನು ಮಾತ್ರ ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು, "ಯಾಕ್ರೀ ಅಮ್ಮಾ, ಮನಿ ಮರ್ತಿರೇನು?" ಎಂದು ನಕ್ಕ. ಮನೆ ಮರೆತಿರಲಿಲ್ಲ. ಅದೇ ರಸ್ತೆಯ ಕೊನೆಗೆ, ಹತ್ತಿ ಗಿರಣಿಯ ಹಳೆಯ ಶೆಡ್ಡಿನಲ್ಲಿ, ನನ್ನ ಜೀವನದಲ್ಲಿ ನಾನು ಕಂಡ ಮೊದಲ ಬೇಳೆ ಗಿರಣಿ ಇತ್ತು. ಆ ಒಂದು ಬೇಸಿಗೆ ಪೂರ್ತಿಯಾಗಿ ನೆನಪಿಗೆ ಬಂತು.

ಆಗ ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದೆವು. ರಜಾಕಾರರ, ಪೊಲೀಸ್ ಕಾರ್ಯಾಚರಣೆಯ ಗಡಿಬಿಡಿಯ ದಿನಗಳು ಮುಗಿದು, ಊರು ಬಿಟ್ಟು ಹೋದವರು ಹಿಂದಿರುಗಿ, ಜನ ಮತ್ತೆ ಬಾಗಿಲು ತೆರೆದಿಟ್ಟು ಊಟ ಮಾಡುವಂತಾಗಿತ್ತು. ನಾನು ಮಳಖೇಡದ ಹೆಣ್ಣು. ಲಗ್ನವಾಗಿ ಚಿತ್ತಾಪುರಕ್ಕೆ ಬಂದು ವರ್ಷ ಕಳೆದಿರಬೇಕು. ನಮ್ಮ ಮನೆಯವರು ವಾಡಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೀಗಾಗಿ ನನ್ನ ಸಂಸಾರವೆಲ್ಲ ಅತ್ತೆ ನೀಲಮ್ಮನವರ ಜೊತೆಗೇ ನಡೆಯುತ್ತಿತ್ತು.

ನನಗೆ ಚಿಕ್ಕಂದಿನಿಂದಲೂ ಒಂದು ಚಟ. ಯಾವ ವಸ್ತುವನ್ನು ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡುವತನಕ ಸಮಾಧಾನವಿಲ್ಲ. ತವರಿನಲ್ಲಿ ಕಂದೀಲನ್ನು ಬಿಚ್ಚಿ, ಬತ್ತಿ ಮೇಲೇರುವ ಹಲ್ಲಿನ ಚಕ್ರ ಹುಡುಕಿ, ಮತ್ತೆ ಜೋಡಿಸಲು ಬರದೆ ಅವ್ವನ ಕೈಯಲ್ಲಿ ಏಟು ತಿಂದವಳು ನಾನು. ಅತ್ತೆಯ ಮನೆಗೆ ಬಂದ ಮೇಲೂ ಆ ಬುದ್ಧಿ ಹೋಗಲಿಲ್ಲ. "ನಮ್ಮನಿಗಿ ಸೊಸಿ ಬಂದಿಲ್ಲ, ಪೊಲೀಸ್ ಪಾಟೀಲ ಬಂದಾನ. ಉಪ್ಪಿನ ಗಡಗಿನೂ ಬಿಡಂಗಿಲ್ಲ, ವಿಚಾರಣಿ ಮಾಡ್ತಾಳ" ಎಂದು ಅತ್ತೆ ಓಣಿಯವರ ಮುಂದೆ ಹೇಳಿ ನಗುತ್ತಿದ್ದರು. ಬೈಗುಳವೇನಲ್ಲ, ಅವರಿಗೂ ಅದೇ ಚಟವಿತ್ತು ಎಂಬುದು ಆಮೇಲೆ ತಿಳಿಯಿತು.

ಅತ್ತೆಯದು ಬೇಳೆಯ ಕಸುಬು. ಮಾವ ತೀರಿಹೋದ ಮೇಲೆ ಅಂಗಳದಲ್ಲಿ ಐದು ಬೀಸುಕಲ್ಲು ಹಾಕಿಸಿ, ಐದು ಜನ ಹೆಣ್ಣುಮಕ್ಕಳನ್ನು ಕೂಡಿಸಿ, ತೊಗರಿಯನ್ನು ಬೇಳೆ ಮಾಡಿಸಿ ವಾಡಿಗೆ ಕಳಿಸುತ್ತಿದ್ದರು. ತೊಗರಿಯನ್ನು ನೇರವಾಗಿ ಕಲ್ಲಿಗೆ ಹಾಕಿದರೆ ಸಿಪ್ಪೆ ಬಿಡುವುದಿಲ್ಲ, ಕಾಳು ಮುರಿದು ನುಚ್ಚಾಗುತ್ತದೆ. ಅದಕ್ಕೆ ಮೊದಲು ನೆನೆಸಬೇಕು. ಚಿಂಚೋಳಿ ಕಡೆಯಿಂದ ಬಂಡಿಯಲ್ಲಿ ತರಿಸಿದ ಕೆಮ್ಮಣ್ಣನ್ನು ಕಲಸಿ ಕಾಳಿಗೆಲ್ಲ ಹಚ್ಚಿ ಗುಡ್ಡೆ ಹಾಕಬೇಕು. ಮತ್ತೆ ಅಂಗಳದ ಕಲ್ಲುಹಾಸಿನ ಫರಸಿಯ ಮೇಲೆ ಹರವಿ ಒಣಗಿಸಿ, ಜರಡಿ ಹಿಡಿದು, ಆಮೇಲೆ ಕಲ್ಲು. ಮಣ್ಣು ಸಿಪ್ಪೆಯನ್ನು ಸಡಿಲಿಸುತ್ತದೆ, ಬೇಳೆಗೆ ಹುಳ ಬೀಳದಂತೆ ಕಾಯುತ್ತದೆ. ನೀಲಮ್ಮನ ಕೆಂಪು ಬೇಳೆ ಎಂದರೆ ವಾಡಿಯಲ್ಲಿ ಒಂದು ಹೆಸರಿತ್ತು.

ಆ ಐದು ಜನರಲ್ಲಿ ರಾಜಂಬಿ ಎಲ್ಲರಿಗಿಂತ ಮಾತುಗಾತಿ. ನಮ್ಮ ಹಿಂದಿನ ಓಣಿಯವಳು, ಗಡಿಬಿಡಿಯಲ್ಲಿ ಗಂಡನನ್ನು ಕಳೆದುಕೊಂಡವಳು. ಭೀಮವ್ವ ಎಲ್ಲರಿಗಿಂತ ಕೆಲಸಗಾತಿ. ಎಳೆತನದಲ್ಲಿ ಸಿಡುಬು ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಬೀಸುಕಲ್ಲಿಗೆ ಕಣ್ಣಿನ ಹಂಗಿಲ್ಲ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಾಳಿನ ಬುಟ್ಟಿಯಲ್ಲಿ. ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಸಂಜೆ ಉಡಿಯಲ್ಲಿ ಜೋಳ, ಬೇಳೆ ಕಟ್ಟಿಕೊಂಡು ಹೋದರೆ ಅತ್ತಿಗೆ "ಬಾರವ್ವಾ, ಕುಂದ್ರು" ಎನ್ನುತ್ತಿದ್ದಳು. ಬರಿಗೈಯಲ್ಲಿ ಹೋದ ದಿನ ಆ ಮಾತು ಇರುತ್ತಿರಲಿಲ್ಲ. ಇದು ಓಣಿಗೆಲ್ಲ ಗೊತ್ತಿತ್ತು. ಅತ್ತೆ ಐವರಿಗೂ ಒಂದು ಮಾತು ಕೊಟ್ಟಿದ್ದರು: "ನನ್ನ ಅಂಗಳಕ್ಕ ಬಂದಾಕಿಗಿ ನಾನಾಗಿ ಹೋಗು ಅನ್ನಂಗಿಲ್ಲ."

ಆ ವರ್ಷ ಮಾತು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಕೆಲಸ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಶಹಾಬಾದಿನ ಕಲ್ಲು ಖಣಿಗಳಿಗೆ, ಕಾರ್ಖಾನೆಗೆ ಎಲ್ಲೆಲ್ಲಿಯದೋ ಜನ ಬಂದು ಸೇರುತ್ತಿದ್ದರು. ವಾಡಿಯಲ್ಲಿ ಗಾಡಿ ಬದಲಿಸುವವರ ಜಾತ್ರೆ. ಅಲ್ಲಿ ಸ್ಟೇಷನ್ನಿನ ಹೊರಗೆ ಖಾನಾವಳಿ ಇಟ್ಟಿದ್ದ ಕಿಷ್ಟಪ್ಪನಿಗೆ ಮೊದಲು ತಿಂಗಳಿಗಾಗುತ್ತಿದ್ದ ಬೇಳೆ ಈಗ ವಾರಕ್ಕೆ ಸಾಲುತ್ತಿರಲಿಲ್ಲ. ಅವನು ನಮ್ಮ ಮನೆಯವರ ಕೈಯಲ್ಲಿ ಹೇಳಿ ಕಳಿಸಿದ: "ನೀಲಮ್ಮೋರಿಗಿ ಹೇಳ್ರಿ. ಹೋಳಿ ಹುಣ್ಣಿಮಿ ಆದಮ್ಯಾಲ ನನಗ ಎರಡು ಪಟ್ಟು ಬೇಕು. ಆಗಂಗಿಲ್ಲ ಅಂದ್ರ ನಾ ತಾಂಡೂರ ಕಡಿಂದ ತರಸ್ತೀನಿ. ಸಿಟ್ಟ ಮಾಡ್ಕೋಬ್ಯಾಡ್ರಿ."

ಅತ್ತೆ ಇನ್ನೆರಡು ಕಲ್ಲು ಹಾಕಿಸಿದರು. ತಾವೇ ಕುಳಿತರು, ನನ್ನನ್ನೂ ಕೂಡಿಸಿದರು. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದವು. ಅತ್ತೆಯ ಬಲಭುಜ ಎಷ್ಟು ಬಾತಿತ್ತೆಂದರೆ ಕುಪ್ಪಸದ ತೋಳು ಏರುತ್ತಿರಲಿಲ್ಲ. ಆದರೂ ಚೀಲ ತುಂಬಲಿಲ್ಲ. ವಾಡಿಯ ಬೇಡಿಕೆ ಕೈಬಿಟ್ಟರೆ ಐದು ಜನರ ಅನ್ನ ಹೋಗುತ್ತದೆ ಎಂಬುದು ಅವರಿಗಿದ್ದ ಒಂದೇ ಚಿಂತೆ.

ಅದೇ ಹೊತ್ತಿಗೆ ಅಡತಿಯ ಸಾಹುಕಾರರೊಬ್ಬರು ಸ್ಟೇಷನ್ ಹತ್ತಿರದ ಶೆಡ್ಡಿನಲ್ಲಿ ಬೇಳೆ ಮಾಡುವ ಮಷಿನ್ ತಂದು ಹಾಕಿದ್ದಾರೆ, ಯಾರು ಬೇಕಾದರೂ ತೊಗರಿ ತಂದು ಮಾಡಿಸಿಕೊಳ್ಳಬಹುದಂತೆ ಎಂಬ ಸುದ್ದಿ ಬಂತು. ಸುದ್ದಿ ಕೇಳಿದ ಮರುದಿನವೇ ನಾನು ಅತ್ತೆಯ ಬೆನ್ನು ಹತ್ತಿದೆ. "ನೋಡ್ಲಿಕ್ಕ ಹೋಗಮು ಅತ್ತಿ, ಬರೇ ನೋಡ್ಲಿಕ್ಕ" ಎಂದರೆ ಅವರು ಮೂಗು ಮುರಿದರು. ಮೂಗು ಮುರಿಯುತ್ತಲೇ ಸೀರೆ ಬದಲಿಸಿದರು.

ಗಿರಣಿ ನಡೆಸುತ್ತಿದ್ದವನು ಮೌಲಾಲಿ ಉಸ್ತಾದ್. ಶಹಾಬಾದಿನವನು, ಉದ್ದನೆಯ ಮನುಷ್ಯ, ಉಗುರಿನ ಸಂದಿನಲ್ಲೆಲ್ಲ ಮಸಿ. ಮೊದಲು ಹತ್ತಿ ಗಿರಣಿಗಳ ಎಂಜಿನ್ ನೋಡಿಕೊಳ್ಳುತ್ತಿದ್ದನಂತೆ. "ಬರ್ರಿ ಅಮ್ಮಾ, ಒಳಗ ಬರ್ರಿ. ಪಟ್ಟಾದ ಹತ್ತಿರ ಮಾತ್ರ ಹೋಗಬ್ಯಾಡ್ರಿ, ಸೆರಗ ಎಳ್ಕೋತದ" ಎಂದು ಕರೆದ. ನಾನು ಒಳಗೆ ಹೋದವಳು ಹೊರಗೆ ಬರಲೊಲ್ಲೆ. ಒಂದು ಮೂಲೆಯಲ್ಲಿ ಎಂಜಿನ್, ಅದಕ್ಕೆ ನನ್ನೆತ್ತರದ ಗಾಲಿ. ಗಾಲಿಯಿಂದ ಉದ್ದನೆಯ ಚರ್ಮದ ಪಟ್ಟಾ ಮೇಲಿನ ಕಬ್ಬಿಣದ ದಂಡಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ಪಟ್ಟಾ ಕೆಳಗಿಳಿದು ಒಂದು ಉರುಳೆಯನ್ನು ತಿರುಗಿಸುತ್ತಿತ್ತು. ಉರುಳೆಯ ಮೈಗೆ ಸಾಣೆಕಲ್ಲಿನ ಪುಡಿ ಮೆತ್ತಿದ್ದರು. ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಅದರ ಸುತ್ತ ತೂತಿನ ತಗಡು. ಮೇಲಿನಿಂದ ಬಿದ್ದ ತೊಗರಿ ಉರುಳೆಗೂ ತಗಡಿಗೂ ನಡುವೆ ಸಿಕ್ಕು ಉಜ್ಜಿಸಿಕೊಂಡು, ಸಿಪ್ಪೆ ಕಳೆದುಕೊಂಡು ಕೆಳಗೆ ಬರಬೇಕು.

"ಕಾಳು ಎಟ್ಟ ಹೊತ್ತು ಒಳಗಿರ್ತದ? ಹೊಟ್ಟು ಎಲ್ಲಿ ಹೋಗ್ತದ? ಗಾಲಿ ಇಷ್ಟ ದೊಡ್ಡದು ಯಾಕ ಬೇಕು?" ಎಂದು ನಾನು ಕೇಳುತ್ತಲೇ ಇದ್ದೆ. ಉಸ್ತಾದ್ ನಗುತ್ತ ಅತ್ತೆಯ ಕಡೆ ನೋಡಿ, "ನಿಮ್ಮ ಸೊಸಿನ ಇಲ್ಲೇ ಬಿಟ್ಟು ಹೋಗ್ರಿ. ನನಗ ಎಂಜಿನ್ ಕಲಿಸಿದ ಉಸ್ತಾದನೂ ಇಷ್ಟ ಕೇಳಿರಲಿಲ್ಲ" ಎಂದ. ಅತ್ತೆ ನಗಲಿಲ್ಲ. ಅವರು ಬಗ್ಗಿ ಉರುಳೆಯನ್ನೇ ದಿಟ್ಟಿಸುತ್ತಿದ್ದರು. ಅಂಗಳಕ್ಕೆ ಬಂದು ಐದೂ ಜನರನ್ನು ಕರೆದು ಹೇಳಿದರು: "ಈ ಸಲ ನಾಕು ಚೀಲ ಮಷಿನ್ನಿಗಿ ಹಾಕ್ತೀನಿ. ಆದ್ರ ನೀವೆಲ್ಲಾ ನನ್ನ ಜೋಡಿನೇ ಇರ್ತೀರಿ. ಹೆಂಗ ಅಂತ ಇವತ್ತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ."

ಆಮೇಲೆ ನಾವು ಮಾಡಿದ ಕೆಲಸವನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯುವುದಿಲ್ಲ. ತೊಗರಿಗೆ ಕೆಮ್ಮಣ್ಣು ಹಚ್ಚಿದೆವು. ಹಚ್ಚದೆ ಇರುವುದು ಯಾರ ತಲೆಗೂ ಹೊಳೆಯಲಿಲ್ಲ. ಮಣ್ಣು ಕಾಣದ ತೊಗರಿಯನ್ನು ಕಲ್ಲಿಗೆ ಹಾಕುವುದೆಂದರೆ ಸ್ನಾನ ಮಾಡದೆ ಒಲೆ ಮುಟ್ಟಿದಷ್ಟೇ ತಪ್ಪು. ಅದರ ಮೇಲೆ ಅತ್ತೆಯದೊಂದು ಲೆಕ್ಕಾಚಾರ: "ನಮ್ಮ ಕಲ್ಲು ಸಣ್ಣದು, ಅದಕ್ಕ ಇಷ್ಟು ಮಣ್ಣು. ಅದು ಅಷ್ಟ ದೊಡ್ಡ ಕಲ್ಲು, ಕಮ್ಮಿ ಹಾಕಿದ್ರ ಹೆಂಗ ನಡೀತದ?" ಹೀಗಾಗಿ ಮಣ್ಣನ್ನು ದಪ್ಪಗೆ ಹಚ್ಚಿ, ಒಣಗಿದ ಮೇಲೆ ಜರಡಿಯನ್ನೂ ಹಿಡಿಯದೆ, ಹಾಗೆಯೇ ಚೀಲ ತುಂಬಿ ಬಂಡಿಗೆ ಹೇರಿದೆವು. ಉಸ್ತಾದ್ ಹತ್ತಿ ಬಲ್ಲವನು, ತೊಗರಿಗೆ ಹೊಸಬ. ಚೀಲ ಬಿಚ್ಚಿ ನೋಡಿ, "ಇದು ಹಿಂಗೇ ಇರ್ತದೇನು?" ಎಂದ. "ಹಿಂಗೇ ಇರ್ತದ" ಎಂದೆವು ಒಟ್ಟಾಗಿ. ತಿಳಿದವರು ಹೇಳುತ್ತಿದ್ದಾರೆಂದು ಅವನೂ ನಂಬಿದ.

ಉರುಳೆ ತಿರುಗಿತು. ಮೊದಲು ಬಂದದ್ದು ಬೇಳೆಯಲ್ಲ, ಕೆಂಪು ಧೂಳು. ಶೆಡ್ಡಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು. ರಾಜಂಬಿ ಕೆಮ್ಮುತ್ತ, "ಯಾ ಅಲ್ಲಾ, ಹೋಳಿ ಬಂತು!" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಸುಟ್ಟ ವಾಸನೆ. ಉಸ್ತಾದ್ ಓಡಿಹೋಗಿ ಪಟ್ಟಾ ಜಾರಿಸಿ ಉರುಳೆ ನಿಲ್ಲಿಸಿದ. ಧೂಳು ಇಳಿದ ಮೇಲೆ ನೋಡಿದರೆ ಕೆಳಗಿನ ಬುಟ್ಟಿಯಲ್ಲಿ ತೊಗರಿ ಸಿಪ್ಪೆಯ ಸಮೇತ, ಉಜ್ಜಿಸಿಕೊಂಡು ಫಳಫಳ ಹೊಳೆಯುತ್ತ ಕುಳಿತಿತ್ತು. ಒಂದು ಕಾಳೂ ಒಡೆದಿರಲಿಲ್ಲ. ಉರುಳೆಯ ಒರಟಿನಲ್ಲೆಲ್ಲ ಮಣ್ಣು ತುಂಬಿಕೊಂಡು ಅದು ಸಾರಿಸಿದ ಗೋಡೆಯ ಹಾಗೆ ನುಣ್ಣಗಾಗಿತ್ತು. ಒಂದು ಬದಿಯಲ್ಲಂತೂ ಸಾಣೆಪುಡಿ ಚಕ್ಕೆ ಚಕ್ಕೆಯಾಗಿ ಎದ್ದುಬಂದಿತ್ತು.

ನಮ್ಮೆಲ್ಲರ ಮುಖ ಕೆಂಪಾಗಿದ್ದರೂ ಸಪ್ಪಗಾದದ್ದು ಕಾಣುತ್ತಿತ್ತು. ಉಸ್ತಾದ್ ಬೈಯುತ್ತಾನೆಂದು ಕಾದೆವು. ಅವನು ಉರುಳೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಮೂಸಿ, "ಮಣ್ಣು ಯಾಕ ಹಾಕ್ತೀರಿ? ನನಗ ಹೇಳ್ರಿ" ಎಂದ. ಸಿಟ್ಟಿನಿಂದ ಕೇಳಿದ ಮಾತಾಗಿರಲಿಲ್ಲ. ಅತ್ತೆ ಸಿಪ್ಪೆ ಸಡಿಲಾಗುವುದನ್ನು ವಿವರಿಸಿದರು. ಅವನು ಕುಕ್ಕರಗಾಲಿನಲ್ಲಿ ಕುಳಿತು ಕೇಳಿದ. "ಅಂದ್ರ ಕಾಳಿಗೂ ಸಿಪ್ಪಿಗೂ ನಡಬರಕ ಏನರ ಹೋಗಿ ಬಿಡಸಬೇಕು. ಮಣ್ಣು ಬ್ಯಾಡ. ಬ್ಯಾರೆ ಏನು ಹೋಗ್ತದ?" ಎಂದ.

ಉರುಳೆಗೆ ಹೊಸ ಪುಡಿ ಮೆತ್ತಿ ಒಣಗಿಸಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಹೋಳಿ ಹತ್ತಿರ ಬಂತು. ಆ ದಿನಗಳಲ್ಲಿ ನಮ್ಮ ಅಂಗಳ ಒಂದು ಪರೀಕ್ಷೆಯ ಮನೆಯಾಯಿತು. ಬರೀ ನೀರು ಚಿಮುಕಿಸಿ ನೋಡಿದೆವು, ಆಗಲಿಲ್ಲ. ಸುಣ್ಣದ ತಿಳಿನೀರು ಹಾಕಿ ನೋಡಿದೆವು, ಬೇಳೆ ಕಹಿಯಾಯಿತು. ಬಾಣಂತಿಯ ತಲೆಗೆ ಎಣ್ಣೆ ಹಾಕುವುದನ್ನು ಕಂಡು ರಾಜಂಬಿಯೇ ಒಂದು ದಿನ, "ಅಕ್ಕಾ, ಕುಸುಬಿ ಎಣ್ಣಿ ಹಚ್ಚಿ ನೋಡಮು. ಕೂದಲದ ಬುಡಕ್ಕ ಇಳೀತದ, ಸಿಪ್ಪಿ ಬುಡಕ್ಕ ಇಳಿಯಂಗಿಲ್ಲೇನು?" ಎಂದಳು. ಅತ್ತೆ ಹುಬ್ಬು ಗಂಟಿಕ್ಕಿ ಕುಸುಬಿ ಎಣ್ಣೆಯ ಗಡಿಗೆ ಕೊಟ್ಟರು. ಎಣ್ಣೆ ಹಚ್ಚಿ, ಗುಡ್ಡೆ ಹಾಕಿ ಗೋಣಿ ಹೊದಿಸಿ, ಬೆಳಿಗ್ಗೆ ಬಿಸಿಲಿಗೆ ಹರವಿದೆವು. ಹೋಳಿಯ ಹೊತ್ತಿನ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಫರಸಿಯ ಮೇಲೆ ಕಾಲಿಡಲಾಗದು. ಎರಡು ಮೂರು ದಿನ ಹೀಗೆ ಮಾಡಿ, ಕೊನೆಗೆ ಒಂದಿಷ್ಟು ನೀರು ಚಿಮುಕಿಸಿ ಉಸ್ತಾದನಿಗೆ ಕೊಟ್ಟೆವು. ಉಸ್ತಾದನೂ ಉರುಳೆಗೂ ತಗಡಿಗೂ ನಡುವಿನ ಸಂದನ್ನು ಹೆಚ್ಚು ಮಾಡಿ, ಕಡಿಮೆ ಮಾಡಿ ನೋಡುತ್ತ ಹೋದ.

ಒಂದು ಮಧ್ಯಾಹ್ನ ಬುಟ್ಟಿಗೆ ಹಳದಿ ಬೇಳೆ ಸುರಿಯತೊಡಗಿತು. ಕಲ್ಲಿನ ಮೇಲೆ ಐದು ಜನ ವಾರವಿಡೀ ಬೀಸುವಷ್ಟು ಬೇಳೆ ನಾವು ರೊಟ್ಟಿಯ ಗಂಟು ಬಿಚ್ಚಿ ತಿಂದು ಮುಗಿಸುವಷ್ಟರಲ್ಲಿ ಬಿದ್ದಿತ್ತು. ನಾನು ಚಪ್ಪಾಳೆ ತಟ್ಟಿದೆ, ನಾಚಿಕೆಯಿಲ್ಲದೆ. ಅತ್ತೆ ಒಂದು ಹಿಡಿ ತೆಗೆದುಕೊಂಡು ಬಾಯಿಗೆ ಹಾಕಿ ಅಗಿದು, "ಬಣ್ಣ ಇಲ್ಲ" ಎಂದರು. ಇನ್ನೊಂದು ಹಿಡಿ ಅಗಿದು, "ರುಚಿ ಅದ" ಎಂದರು.

ವಾಡಿಗೆ ಚೀಲ ಹೋದವು. ನಾವು ನಿಟ್ಟುಸಿರು ಬಿಟ್ಟೆವು. ಆದರೆ ಮೂರನೆಯ ದಿನವೇ ನಮ್ಮ ಮನೆಯವರು ರಜೆಯಿಲ್ಲದಿದ್ದರೂ ಓಡಿಬಂದರು. ಕಿಷ್ಟಪ್ಪ ಕೆಂಡಾಮಂಡಲವಾಗಿದ್ದಾನೆ, ಖಾನಾವಳಿಯಲ್ಲಿ ಜಗಳವಾಗಿದೆ ಎಂದರು. ಮದರಾಸಿನ ಗಾಡಿಯಿಂದ ಇಳಿದವರು, ಖಣಿಯ ಕೂಲಿಗಳು ತಾಟು ನೋಡಿ, "ಬ್ಯಾಳಿ ಎಲ್ಲದ? ಹಳದಿ ನೀರು ಹಾಕಿ ರೊಕ್ಕ ತಗೋತೀ ಏನು?" ಎಂದು ಎದ್ದು ಹೋದರಂತೆ. ಬೇಳೆಯೆಲ್ಲ ಕರಗಿಹೋಗಿ ತಾಟಿನಲ್ಲಿ ಬೇಳೆ ಎಂಬುದೇ ಕಾಣಿಸಲಿಲ್ಲವಂತೆ. ನಮ್ಮ ಕಡೆಯವರಿಗೆ ಬೇಳೆ ಗಟ್ಟಿಯಾಗಿ, ಅರಳಿದರೂ ಬಿಡಿಬಿಡಿಯಾಗಿ ಕಾಣಬೇಕು.

ಅತ್ತೆ ಅದೇ ದಿನ ಗಾಡಿ ಹತ್ತಿದರು, ನಾನೂ ಹತ್ತಿದೆ. ಕಿಷ್ಟಪ್ಪ ನಮ್ಮನ್ನು ಕಂಡವನೇ, "ನೀಲಮ್ಮೋರೆ, ನಿಮ್ಮ ಮಷಿನ್ನಿಗಿ ಒಂದು ನಮಸ್ಕಾರ. ನನಗ ಮೊದಲಿನ ಬ್ಯಾಳಿ ಕೊಡ್ರಿ, ಇಲ್ಲಾಂದ್ರ ಬಿಡ್ರಿ" ಎಂದು ಕೈ ಮುಗಿದ. ಅತ್ತೆ ವಾದ ಮಾಡಲಿಲ್ಲ. "ನೀ ಹೆಂಗ ಬೇಸ್ತಿ ತೋರ್ಸಪಾ" ಎಂದು ಒಲೆಯ ಮುಂದೆ ಕುಳಿತರು. ಅವನು ಎಂದಿನಂತೆ ಹಂಡೆ ಇಟ್ಟು ನಮ್ಮ ಹಳದಿ ಬೇಳೆ ಹಾಕಿದ. ಕೆಂಪು ಬೇಳೆ ಬೇಯಲು ಬಹಳ ಹೊತ್ತು ಬೇಕು. ಆದ್ದರಿಂದ ಗಾಡಿ ಕಲಬುರಗಿ ಬಿಟ್ಟಿತೆಂದು ಸ್ಟೇಷನ್ನಿನಲ್ಲಿ ಕೇಳಿ ತಿಳಿದ ಕೂಡಲೆ ಅವನು ಒಲೆ ಹೂಡುವುದು, ಗಾಡಿ ಬಂದು ನಿಲ್ಲುವುದಕ್ಕೂ ಬೇಳೆ ಇಳಿಸುವುದಕ್ಕೂ ಸರಿಹೋಗುವುದು. ಅದು ಅವನ ಗಡಿಯಾರ.

ಅತ್ತೆ ಸೌಟು ಹಿಡಿದು ಮತ್ತೆ ಮತ್ತೆ ಒಂದು ಬೇಳೆ ತೆಗೆದು ಹಿಸುಕಿ ನೋಡಿದರು. ಗಾಡಿ ಇನ್ನೂ ಶಹಾಬಾದನ್ನೂ ದಾಟಿರಲಿಕ್ಕಿಲ್ಲ, ಆಗಲೇ, "ಇಳಸು" ಎಂದರು. ಕಿಷ್ಟಪ್ಪ ನಂಬಲಿಲ್ಲ. "ಇನ್ನಾ ಹಸಿ ಇರ್ತದ್ರಿ." "ಇಳಸಂತೀನಿ." ಇಳಿಸಿದ. ಬೇಳೆ ಹೂವಿನ ಹಾಗೆ ಅರಳಿ ಬಿಡಿಬಿಡಿಯಾಗಿ ನಿಂತಿತ್ತು. ಅವನು ಹಂಡೆಯೊಳಗೆ ಇಣುಕಿ, ಒಲೆಯನ್ನು ನೋಡಿ, ಮೂಲೆಯಲ್ಲಿ ಉಳಿದ ಕಟ್ಟಿಗೆಯನ್ನು ನೋಡಿದ. ಮಣ್ಣಿನ ನೀರು ಕುಡಿಯದ ಬೇಳೆ ಅರ್ಧ ಹೊತ್ತಿನಲ್ಲೇ ಬೇಯುತ್ತದೆಂಬುದು ನಮಗೂ ಆಗಲೇ ಗೊತ್ತಾದದ್ದು. "ಅಂದ್ರ ಗಾಡಿ ಬರೋದ್ರಾಗ ನಾ ಎರಡು ಹಂಡಿ ಇಳಸಬಹುದು!" ಎಂದು ಅವನು ತನಗೆ ತಾನೇ ಹೇಳಿಕೊಂಡ. ನಾವು ಹೊರಡುವಾಗ ಅವನು ಕೇಳಿದ್ದು ಎರಡು ಪಟ್ಟಲ್ಲ, ಮೂರು ಪಟ್ಟು. ಗಾಡಿಯಲ್ಲಿ ಕುಳಿತ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಚಿತ್ತಾಪುರ ಬರುವತನಕ ಬಿಡಲಿಲ್ಲ. ಅವರು ಅಷ್ಟು ಹೆದರಿದ್ದರೆಂದು ಆಗ ತಿಳಿದು ನನಗೆ ಅಳು ಬಂತು.

ಅಂಗಳದ ಕಲ್ಲುಗಳು ಸುಮ್ಮನಾದವು. ಹೆಣ್ಣುಮಕ್ಕಳು ಗಿರಣಿಯ ಬಯಲಿಗೆ ಹೋದರು. ನಾನು ಮೊದಲು ಅಂದುಕೊಂಡದ್ದು ಉಲ್ಟಾ ಆಯಿತು: ಮಷಿನ್ ಬಂದರೆ ಕೈಗಳಿಗೆ ಕೆಲಸವಿಲ್ಲ ಅಂದುಕೊಂಡಿದ್ದೆ. ಅದರ ಹೊಟ್ಟೆಗೆ ಅಷ್ಟೊಂದು ತೊಗರಿ ಬೇಕು, ಅಷ್ಟಕ್ಕೂ ಎಣ್ಣೆ ಹಚ್ಚಬೇಕು, ಹರವಬೇಕು, ತಿರುವಬೇಕು, ಕೇರಬೇಕು, ಕಪ್ಪು ಕಾಳು ಆರಿಸಬೇಕು. ಓಣಿಯ ಇನ್ನಷ್ಟು ಜನರನ್ನು ಕರೆಯಬೇಕಾಯಿತು.

ಭೀಮವ್ವನಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ. ಹರವುವಾಗ ಒಣಗಿದ ಪಾಲು ಯಾವುದು, ಹಸಿ ಯಾವುದು ಎಂದು ದೂರದಿಂದ ಕಾಣಬೇಕು. ಕಪ್ಪು ಕಾಳು ಆರಿಸಲು ಕಣ್ಣೇ ಬೇಕು. ಶೆಡ್ಡಿನೊಳಗೆ ತಿರುಗುವ ಪಟ್ಟಾ. ಒಂದು ದಿನ ಅವಳ ಸೆರಗು ಗಾಲಿಗೆ ಗೇಣಿನಷ್ಟು ದೂರದಲ್ಲಿ ಹಾರಾಡುವುದನ್ನು ಕಂಡು ಉಸ್ತಾದ್ ಓಡಿಬಂದು ಎಳೆದುಕೊಂಡ. "ಅಮ್ಮಾ, ನಿಮ್ಮ ಕಾಲಿಗಿ ಬೀಳ್ತೀನಿ. ಈಕಿನ್ನ ಒಳಗ ಬಿಡಬ್ಯಾಡ್ರಿ" ಎಂದು ಅತ್ತೆಗೆ ಹೇಳಿದ.

ಅತ್ತೆ ಒಂದು ಉಪಾಯ ಮಾಡಿದರು. "ಭೀಮವ್ವಾ, ಕಲ್ಲಿನ ಬ್ಯಾಳಿನೇ ಬೇಕು ಅನ್ನೋ ಗಿರಾಕಿ ಭಾಳ ಮಂದಿ ಅದಾರ. ನೀ ಮನ್ಯಾಗೇ ಕುಂತು ಬೀಸು" ಎಂದರು. ಅವಳು ಬೀಸಿದಳು. ಸಂಜೆ ಉಡಿ ತುಂಬಿ ಕಳಿಸಿದರು. ಅಂಥ ಗಿರಾಕಿ ಒಬ್ಬರೂ ಇರಲಿಲ್ಲ. ಕೆಂಪು ಬೇಳೆ ಒಳಕೋಣೆಯ ಗಡಿಗೆಗಳಲ್ಲಿ ತುಂಬುತ್ತ ಹೋಯಿತು. ಅತ್ತೆ ಯಾರ ಮುಂದೆಯೂ ಆಡಬೇಡ ಎಂದು ನನಗೆ ಕಣ್ಣಿನಲ್ಲೇ ತಾಕೀತು ಮಾಡಿದ್ದರು.

ಒಂದು ಶುಕ್ರವಾರ ನಾನೂ ಅವಳೂ ಇಬ್ಬರೇ ಮನೆಯಲ್ಲಿ. ಕಲ್ಲು ತಿರುವುತ್ತಿದ್ದವಳು ಗಕ್ಕನೆ ನಿಲ್ಲಿಸಿದಳು. "ಗಂಗಾ, ಕಲ್ಲಿನ ಬ್ಯಾಳಿ ಒಯ್ಯೋ ಗಿರಾಕಿ ಧ್ವನಿ ಒಂದ ದಿನನೂ ನನ್ನ ಕಿವಿಗಿ ಬಿದ್ದಿಲ್ಲಲ್ಲ?" ಎಂದಳು. ನಾನು ಬಾಯಿ ತೆರೆದೆ. "ಬ್ಯಾಡ, ಹೇಳಬ್ಯಾಡ. ನೀಲಮ್ಮಕ್ಕನ ಮನಸ್ಸು ನನಗ ಗೊತ್ತದ. ಹಸದಾಗ ಒಂದು ತುತ್ತು ಕೊಟ್ರ ತಿಂತೀನಿ, ನಾಚಿಕಿ ಇಲ್ಲ. ಸುಳ್ಳು ಕೆಲಸ ಕೊಟ್ರ ಮಾಡಂಗಿಲ್ಲ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಚುಚ್ಚಿತು. ಸೆರಗು ಕೊಡವಿಕೊಂಡು ಎದ್ದಳು. "ಶುಕ್ರಾರ ಈ ಹೊತ್ತಿಗಿ ಉಸ್ತಾದ್ ನಮಾಜಿಗಿ ಹೋಗಿರ್ತಾರಲ್ಲ, ಮಷಿನ್ ನಿಂತಿರ್ತದ. ನನಗ ಅದನ್ನ ತೋರ್ಸು ನಡಿ. ಎಲ್ಲಾರೂ ನೋಡೀರಿ, ನಾ ಒಬ್ಬಾಕಿನೇ ಉಳದೀನಿ."

ಕೈ ಹಿಡಿದು ಕರೆದೊಯ್ದೆ. ಅತ್ತೆ ಬಯಲಿನಲ್ಲಿ ಚೀಲ ಕಟ್ಟಿಸುತ್ತಿದ್ದವರು ನಮ್ಮನ್ನು ಕಂಡು ಗಾಬರಿಯಿಂದ ಹಿಂದೆಯೇ ಬಂದರು. ಭೀಮವ್ವ ನಿಂತ ಗಾಲಿಗೆ ಎರಡೂ ಕೈ ಹಚ್ಚಿ ಸುತ್ತು ಹಾಕಿದಳು. ಪಟ್ಟಾದ ಚರ್ಮವನ್ನು ಹಿಸುಕಿದಳು. ಉರುಳೆಯ ಮೇಲೆ ಅಂಗೈ ಇಟ್ಟು, "ಅಬ್ಬಾ, ಇದು ಕಲ್ಲೇ!" ಎಂದು ನಕ್ಕಳು. ನನಗಿಂತ ಹೆಚ್ಚು ಪ್ರಶ್ನೆ ಕೇಳಿದಳು. ಹೀಗೆ ತಡಕುತ್ತ ಗೋಡೆಯ ಹತ್ತಿರ ಬಂದವಳ ಕೈ ಒಂದು ಬುಟ್ಟಿಗೆ ಹೋಯಿತು. ಒಂದು ಹಿಡಿ ಎತ್ತಿ ಬೆರಳಿನಲ್ಲಿ ಉರುಳಿಸಿದಳು. "ಇವು ಒಡದಿಲ್ಲಲ್ಲ? ಸಿಪ್ಪಿ ಹೋಗ್ಯಾದ, ಗುಂಡಗೇ ಅವ. ಇವನ್ನೇನು ಮಾಡ್ತೀರಿ?"

ಅಷ್ಟರಲ್ಲಿ ನಮಾಜು ಮುಗಿಸಿದ ಉಸ್ತಾದ್ ಒಳಗೆ ಬಂದ. ಭೀಮವ್ವ ಹೆಜ್ಜೆಯ ಸಪ್ಪಳದ ಕಡೆ ತಿರುಗಿದಳು. "ಉಸ್ತಾದ್ರೆ, ಖರೇ ಹೇಳ್ರಿ. ಈ ಗುಂಡು ಕಾಳು ಒಡೀಲಿಕ್ಕ ನಿಮ್ಮ ಮಷಿನ್ನಿಗಿ ಬರ್ತದೋ ಇಲ್ಲೋ?"

ಅತ್ತೆ ಭೀಮವ್ವನ ಹಿಂದೆ ನಿಂತಿದ್ದರು. ಅವರು ಉಸ್ತಾದನಿಗೆ ಕೈಯಾಡಿಸಿದರು, ತಲೆಯಾಡಿಸಿದರು, ಇಲ್ಲ ಅನ್ನು, ಬರುವುದಿಲ್ಲ ಅನ್ನು ಎಂದು. ಕಣ್ಣಲ್ಲಿ ನೀರಿತ್ತು. ಉಸ್ತಾದ್ ಅವರನ್ನು ನೋಡಿದ, ಭೀಮವ್ವನ ಮುಷ್ಟಿಯನ್ನು ನೋಡಿದ.

"ಬರ್ತದವ್ವಾ" ಎಂದ ಉಸ್ತಾದ್. "ಎರಡನೇ ಸಲ ಹಾಕಿದ್ರ ಒಡೀತದ. ಖರೆ, ಅರ್ಧಕ್ಕರ್ಧ ನುಚ್ಚು ಆಗಿ ಹೊಟ್ಟಿನ ಜೋಡಿ ಹೋಗ್ತದ. ಎಟ್ಟ ಸಂದ ಮಾಡಿ ನೋಡಿದ್ರೂ ತಪ್ಪಿಲ್ಲ. ದಿನಾ ನನ್ನ ಹೊಟ್ಟಿ ಉರೀತದ."

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಭೀಮವ್ವ ಮುಷ್ಟಿಯ ಕಾಳನ್ನು ಮತ್ತೊಮ್ಮೆ ಬೆರಳಿನಲ್ಲಿ ಉರುಳಿಸಿ ನೋಡಿದಳು.

"ನನ್ನ ಕಲ್ಲಿಗಿ ನುಚ್ಚು ಆಗಂಗಿಲ್ಲ. ಇದು ಸುಳ್ಳು ಕೆಲಸ ಅಲ್ಲ. ನನ್ನ ಕಲ್ಲು ಈ ಶೆಡ್ಡಿನ ಪಡಸಾಲಿಗಿ ತರಸ್ರಿ, ಪಟ್ಟಾದಿಂದ ದೂರ ಹಾಕ್ರಿ."

"ನಾಳಿ ಮುಂಜಾನಿ ಬಂಡಿ ಹೇಳ್ತೀನಿ, ಭೀಮವ್ವಾ" ಎಂದರು ಅತ್ತೆ.

ಭೀಮವ್ವ ತೆರೆದ ಬಾಗಿಲಿನ ಕಡೆ ಮುಖ ಮಾಡಿದಳು. "ನಾಳಿ ಯಾಕ, ಅಕ್ಕಾ? ನನ್ನ ಮುಖದ ಮ್ಯಾಲ ಇನ್ನಾ ಬಿಸಿಲು ಬೀಳ್ಲಿಕತ್ತದ."